ಛೇದ

ಪ್ರಾಂಶುಪಾಲರ ಕೋಣೆಯಿಂದ ಕರೆ ಬಂತು.
ಕೊರಳಲ್ಲಿ ಸೀಟಿ ಹಾಗೇ ಇತ್ತು, ಶೂಗೆ ಮೈದಾನದ ಕೆಂಪು ಮಣ್ಣು.
‘ಕ್ರೀಡಾ ಕೋಟಾದ ಮಕ್ಕಳು ಎಷ್ಟು ಜನ ಡಿಗ್ರಿ ಮುಗಿಸಿದರು ಮೇಷ್ಟ್ರೇ?
ಗುರುವಾರ ಸಮಿತಿ ಬರ್ತಿದೆ. ಶೇಕಡಾದಲ್ಲಿ ಕೊಡಿ.’

ನೂರು ಮೀಟರನ್ನು ಸೆಕೆಂಡಿನ ನೂರನೇ ಪಾಲಿಗೆ ಅಳೆದವನು ನಾನು,
ಇದೇನು ಮಹಾ ಅಂದುಕೊಂಡೆ.
ದಾಖಲಾತಿ ಪುಸ್ತಕದ ಧೂಳು ಕೊಡವಿದೆ:
ಆ ವರ್ಷ ಸೇರಿದವರು ಹನ್ನೊಂದು,
ಅವರಲ್ಲಿ ಪಾಸಾದವರು ನಾಲ್ಕು.
ಮೂವತ್ತಾರು ಮತ್ತು ಚಿಲ್ಲರೆ.

‘ಇದನ್ನ ತೋರಿಸೋಕಾಗುತ್ತಾ?’ ಅಂದರು ಸೂಪರಿಂಟೆಂಡೆಂಟ್ ಜಲಜಾಕ್ಷಿ.
ಇಪ್ಪತ್ತೆಂಟು ವರ್ಷ ಇಂಥ ಹಾಳೆ ತುಂಬಿದ ಕೈ ಅವರದು.
‘ಅಂಶ ಬೆಳೆಯದಿದ್ದರೆ ಛೇದ ಕತ್ತರಿಸಬೇಕು ಸಾರ್,
ಹೆಸರೇ ಹೇಳುತ್ತಲ್ಲ.’

ಕತ್ತರಿಸಿದೆವು.

ಗೌತಮಪುರದ ಸೆಲ್ವಿನ್, ಎಡಗಾಲಲ್ಲಿ ಕಾರ್ನರ್ ಬಾಗಿಸುತ್ತಿದ್ದವ,
ಫೀಸು ಮಾಫಿಯ ಮೇಲೆ ದಿನಕ್ಕೆರಡು ಮೊಟ್ಟೆ ಕೊಡುವ ಕಾಲೇಜಿಗೆ ಹೋದ.
ಟಿ.ಸಿ. ಪಡೆದವನು ಲೆಕ್ಕಕ್ಕಿಲ್ಲ.
ಅವನ ಬೆನ್ನಿಗೇ ಹೋದ ಇಬ್ಬರು ಡಿಫೆಂಡರುಗಳೂ ಇಲ್ಲ.
ದೇಚಮ್ಮ ಎರಡನೇ ವರ್ಷದಲ್ಲೇ ರೈಲ್ವೆ ಸೇರಿದಳು,
ಹುಬ್ಬಳ್ಳಿಯಲ್ಲಿ ಹಾಕಿ ಆಡಿ ಮಿಕ್ಕ ಹೊತ್ತು ಟಿಕೆಟ್ ನೋಡುತ್ತಾಳೆ.
‘ಉದ್ಯೋಗಸ್ಥೆ. ಬಿಟ್ಟುಬಿಡಿ.’
ಭಾರ ಎತ್ತುತ್ತಿದ್ದ ಇಮ್ದಾದ್,
ಟ್ಯಾನರಿ ರಸ್ತೆ, ಬೆಳಗಿನ ಜಾವ, ಲಾರಿ.
ಅವನನ್ನು ಬಿಡಲು ನಿಯಮದೊಳಗೇ ಒಂದು ಉಪನಿಯಮ ಇತ್ತು.
ಜಲಜಾಕ್ಷಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ಹನ್ನೊಂದು ಆರಾಯಿತು.
ಕೊನೆಯ ವರ್ಷಕ್ಕೆ ತುಮಕೂರಿನಿಂದ ಬಂದ ಗುಂಡು ಎಸೆತದ ಹುಡುಗ
ಪಾಸಾಗಿದ್ದಾನೆ. ಅವನನ್ನು ಮೇಲೊಮ್ಮೆ ಕೆಳಗೊಮ್ಮೆ ಸೇರಿಸಿದರೆ
ಏಳಕ್ಕೆ ಐದು,
ಎಪ್ಪತ್ತೊಂದು ಮತ್ತು ಚಿಲ್ಲರೆ!
ಆಟದ ಗೊಡವೆಗೇ ಹೋಗದ ಮಕ್ಕಳದ್ದು ಅರವತ್ತೆರಡು.
ಪ್ರಾಂಶುಪಾಲರು ಕಾಫಿ ತರಿಸಿದರು.

ಸುಳ್ಳು ಒಂದೂ ಇಲ್ಲ ಆ ಹಾಳೆಯಲ್ಲಿ.
ಕಳೆದ ಪ್ರತಿಯೊಬ್ಬರಿಗೂ ಕಾಗದ ಇದೆ, ಕಾಗದಕ್ಕೆ ಸೀಲು ಇದೆ.

ಮಾರನೆಯ ಬೆಳಿಗ್ಗೆ ಐದೂವರೆ, ಕಂಠೀರವ.
ಇಲ್ಲಿ ಸಂಪಂಗಿ ಕೆರೆ ಇತ್ತಂತೆ.
ಬತ್ತಿಸಿ, ಮುಚ್ಚಿ, ಓಡಲು ಜಾಗ ಮಾಡಿಕೊಂಡರು.
ಹೋದದ್ದನ್ನು ಬಿಟ್ಟು ಎಣಿಸಿದರೆ
ಈ ಊರಿನ ಕೆರೆಗಳು ನೂರಕ್ಕೆ ನೂರು ಉಳಿದಿವೆ.

ಹೊರ ಲೇನಿನಲ್ಲಿ ಯಮನವ್ವ ಸಿಕ್ಕಳು,
ಮುಧೋಳದ ಕಡೆಯವಳು, ನಮ್ಮ ಐದು ಸಾವಿರ ಮೀಟರಿನ ಹುಡುಗಿ,
ನಾಲ್ಕು ಪುಟ್ಟ ಮಕ್ಕಳಿಗೆ ಓಟ ಕಲಿಸುತ್ತ.
‘ಪಾಸಾದೆ ನೋಡ್ರಿ ಸರ!
ಸಂಖ್ಯಾಶಾಸ್ತ್ರ ಒಂದ ಉಳದಿತ್ತಲ್ರಿ, ಈ ಸಲ ಹೊಡದೆ. ನಲವತ್ತೊಂದು.’

ಸಮಿತಿ ಎಣಿಸುವುದು ಆರು ವರ್ಷದ ತನಕ.
ವಿಶ್ವವಿದ್ಯಾಲಯ ಕೊಟ್ಟ ಕೊನೆಯ ಅವಕಾಶ ಏಳನೆಯದು.
ಅವಳು ಗೆರೆಯ ಕೆಳಗಿದ್ದಾಳೆ,
ಮೇಲೆ ಹತ್ತುವಂತಿಲ್ಲ.
ಎರಡು ಸಲ ಪರೀಕ್ಷೆಯ ದಿನವೇ ಕೂಟ ಇತ್ತು,
ಬೀಗಮುದ್ರೆಯ ಕಾಗದದಲ್ಲಿ ‘ಕರ್ತವ್ಯದ ಮೇರೆಗೆ ಗೈರು’ ಎಂದು
ಸಹಿ ಹಾಕಿ ರೈಲು ಹತ್ತಿಸಿದವನು ನಾನೇ.
ಆ ಪದಕಗಳು ಪ್ರಾಂಶುಪಾಲರ ಕೋಣೆಯ ಗಾಜಿನ ಬೀರುವಿನಲ್ಲಿವೆ,
ಅವನ್ನು ಯಾರೂ ಕಳೆದಿಲ್ಲ.

ಓಟದ ಫಲಿತಾಂಶದ ಹಾಳೆಯೇ ವಾಸಿ.
ಸ್ನಾಯು ಹಿಡಿದು ನಡುವೆ ಕೂತವನಿಗೂ ಅಲ್ಲಿ ಒಂದು ಸಾಲಿದೆ,
ಎದೆಯ ನಂಬರು, ಹೆಸರು, ಎದುರಿಗೆ ‘ಮುಗಿಸಲಿಲ್ಲ’.
ಬರಲೇ ಇಲ್ಲದವನಿಗೂ ‘ಬರಲಿಲ್ಲ’.
ಬಿದ್ದವರನ್ನು ಅಳಿಸಿ
ಗೆದ್ದವನ ವೇಗ ಹೆಚ್ಚಿಸುವ ಹಿಕಮತ್ತು ಅದಕ್ಕೆ ಬಾರದು.

‘ಟೈಮ್ ನೋಡ್ರಿ ಸರ ಸ್ವಲ್ಪ,’ ಅಂತ ಮಕ್ಕಳನ್ನು ಬಿಟ್ಟಳು.
ಮೂವರು ಬಂದರು, ನೀರು ಕುಡಿದರು,
ಶೂ ಬಿಚ್ಚಿ ಹುಲ್ಲಿನ ಮೇಲೆ ಬಿದ್ದುಕೊಂಡರು.
ಕಡೆಯವಳು, ಎರಡು ಜಡೆಯವಳು,
ಇನ್ನೂ ದೂರದ ತಿರುವಿನಲ್ಲಿ, ಒಂದು ಸುತ್ತು ಬಾಕಿ.

ಗುರುವಾರದ ಹಾಳೆ ಬ್ಯಾಗಿನಲ್ಲಿದೆ, ಸಹಿ ಆಗಿದೆ.
ಹೆಬ್ಬೆರಳು ಗುಂಡಿಯ ಮೇಲೆ.
ಒತ್ತದೆ ನಿಂತಿದ್ದೇನೆ.